ಡೊನೊವನ್ ದೊರೆಯ ಹಸಿರು ಔಷಧ

ಪ್ಲಾಂಟರ್ಸ್ ಕ್ಲಬ್
ಸಂತವೇರಿ ರಸ್ತೆ, ಲಿಂಗದಹಳ್ಳಿ ಅಂಚೆ
ತರೀಕೆರೆ ತಾಲ್ಲೂಕು
೧೨-೮-೧೯೭೬

ಪೂಜ್ಯ ಅಪ್ಪಾಜಿಯವರಿಗೆ ಷಡಕ್ಷರಿಯ ಶರಣು.

ಎಂಟು ವರ್ಷವಾದ ಮೇಲೆ ಕಾಗದ ಬರೆಯುತ್ತಿದ್ದೇನೆ. ಕೈಗೆ ಬಂದ ಕೂಡಲೇ ಇದನ್ನು ಹರಿದು ಒಲೆಗೆ ಹಾಕುವ ಮನಸ್ಸಾಗಬಹುದು. ಹಾಕುವ ಮೊದಲು ಅರ್ಧವಾದರೂ ಓದಬೇಕೆಂದು ಕೇಳಿಕೊಳ್ಳುತ್ತೇನೆ. ವಿಷಯ ನನ್ನದಲ್ಲ, ಒಬ್ಬ ರೋಗಿಯದು. ರೋಗಿ ಎಂದರೆ ನೀವು ಊಟದ ಮುಂದಿನಿಂದಲೂ ಎದ್ದು ಬರುತ್ತೀರಿ ಎಂದು ನನಗೆ ಗೊತ್ತಿದೆ.

ಇಲ್ಲಿ ಡೊನೊವನ್ ಎಂಬ ದೊರೆ ಇದ್ದಾರೆ. ಐರ್ಲೆಂಡ್ ದೇಶದವರು, ಎಪ್ಪತ್ತೆರಡು ವರ್ಷ. ನಲವತ್ತು ವರ್ಷದಿಂದ ಈ ಘಾಟಿಯ ಮೇಲೆ ಕಾಫಿ ಬೆಳೆದವರು ಈಗ ತೋಟ ಮಾರಿ, ಡಿಸೆಂಬರ್‌ನಲ್ಲಿ ತಮ್ಮ ಊರಿಗೆ ಹೊರಟಿದ್ದಾರೆ. ಅವರಿಗೆ ಊಟ ಸೇರುತ್ತಿಲ್ಲ. ಅವರ ಕಡೆ ಊಟಕ್ಕೆ ಮುಂಚೆ ಒಂದು ಹಸಿರು ಬಣ್ಣದ ಔಷಧ ಕುಡಿಯುವ ರೂಢಿಯಂತೆ. ಹಲವು ಸೊಪ್ಪು, ಬೇರು, ಹೂವು ಸೇರಿದ್ದು. ನಾಲಗೆಗೆ ಮೊದಲು ಸಿಹಿ, ಹಿಂದೆಯೇ ಕಹಿ, ಕೊನೆಗೆ ಪುದೀನದ ಹಾಗೆ ತಂಪು. ಹೊರದೇಶದ ಆ ಬಾಟಲಿ ಈಗ ಇಲ್ಲಿ ಸಿಗುವುದು ನಿಂತಿದೆ. ನಮ್ಮ ತಂದೆಯವರು ಮಾಡಬಲ್ಲರು ಎಂದು ನಾನು ಬಾಯಿ ತಪ್ಪಿ ಹೇಳಿಬಿಟ್ಟೆ. ಅವರು ದಿನವೂ ಕೇಳುತ್ತಿದ್ದಾರೆ.

ನೀವು ಒಪ್ಪಿದರೆ ಬಾಟಲಿಯನ್ನು ತರೀಕೆರೆ ಬಸ್ಸಿನ ಕಂಡಕ್ಟರ್ ಸಿದ್ದಪ್ಪನ ಕೈಗೆ ಕೊಟ್ಟರೆ ಸಾಕು. ಒಡೆಯದ ಹಾಗೆ ತರುತ್ತಾನೆ. ಅವ್ವನಿಗೂ ಶರಣು ತಿಳಿಸಿ.

ನಿಮ್ಮ ಮಗ
ಷಡಕ್ಷರಿ


ಅಜ್ಜಂಪುರ
೨೩-೮-೧೯೭೬

ಷಡಕ್ಷರಿಗೆ,

ಅರ್ಧ ಓದಿ ಅಂದಿದ್ದೆ, ಪೂರ್ತಿ ಓದಿದೆ. ರೋಗಿಯ ವಿಷಯಕ್ಕೆ ಮಾತ್ರ ಉತ್ತರ ಕೊಡುತ್ತೇನೆ. ಉಳಿದದ್ದು ೧೯೬೮ರ ಬಸವ ಜಯಂತಿಯ ದಿನವೇ ಮುಗಿದಿದೆ. ಮೈಯೆಲ್ಲ ಸಾರಾಯಿ ನಾರುತ್ತ ಬಂದು ಮಠದ ಪಂಕ್ತಿಯಲ್ಲಿ ಕೂತವನು ನೀನು, ಎಬ್ಬಿಸಿ ಕಳಿಸಿದವನು ನಾನು. ಕುಡಿಯುವವನಿಗೆ ನನ್ನ ಹೊಸಿಲಿಲ್ಲ ಎಂದು ಆವತ್ತು ಹೇಳಿದ್ದು ಇವತ್ತಿಗೂ ಹಾಗೇ ಇದೆ.

ಊಟ ಸೇರುವುದಿಲ್ಲ ಎಂದು ಒಂದು ಸಾಲು ಬರೆದರೆ ಔಷಧ ಕೊಡಲು ಇದೇನು ಸೋಡಾ ಅಂಗಡಿಯೇ? ನನ್ನ ಅರೆಯುವ ಕಲ್ಲಿನ ಮುಂದೆ ನಾಲ್ಕು ವರ್ಷ ಕೂತಿದ್ದವನು ಹೀಗೆ ಬರೆಯಬಾರದಿತ್ತು. ಕೆಳಗಿನದಕ್ಕೆಲ್ಲ ಉತ್ತರ ಬರಲಿ. ಮೈ ಒಣಕಲೋ, ತುಂಬಿದ್ದೋ. ನಾಲಗೆಯ ಮೇಲೆ ಬಿಳಿ ಇದೆಯೋ. ನಿದ್ರೆ ಎಷ್ಟು ಹೊತ್ತು. ಬಾಯಾರಿಕೆ ಹೇಗೆ. ಮಲ ದಿನಾ ಆಗುತ್ತದೆಯೋ, ಕಟ್ಟುತ್ತದೆಯೋ. ಎಂಥ ಕನಸು ಬೀಳುತ್ತದೆ. ಹೆಂಡತಿ ಇದ್ದಾಳೋ, ಇದ್ದರೆ ಮಾತಾಡುತ್ತಾಳೋ.

ಔಷಧ ಕೇಳಿ ಬಂದವರನ್ನು ಈ ಮನೆಯಿಂದ ಬರಿಗೈಯಲ್ಲಿ ಕಳಿಸಿದ್ದಿಲ್ಲ. ಆ ಒಂದೇ ಕಾರಣಕ್ಕೆ ಬರೆದಿದ್ದೇನೆ.

ಜಯದೇವಪ್ಪ ಪಂಡಿತ


ಲಿಂಗದಹಳ್ಳಿ
೧-೯-೧೯೭೬

ಪೂಜ್ಯ ಅಪ್ಪಾಜಿಯವರಿಗೆ ಶರಣು.

ನೀವು ಕೇಳಿದ್ದಕ್ಕೆಲ್ಲ ಸಾಲಾಗಿ ಉತ್ತರ ಬರೆಯುತ್ತಿದ್ದೇನೆ. ದೊರೆಯದು ಎತ್ತರದ ಒಣಕಲು ಮೈ. ನಾಲಗೆಯ ಮೇಲೆ ಬಿಳಿ ಇದೆ. ನಿದ್ರೆ ಮೂರು ಗಂಟೆ ಆದರೆ ಹೆಚ್ಚು. ಬಾಯಾರಿಕೆ ಕಡಿಮೆ. ಮಲಬದ್ಧತೆ ವಿಪರೀತ, ನಾಲ್ಕೈದು ದಿನಕ್ಕೊಮ್ಮೆ, ಅದೂ ಬಹಳ ಕಷ್ಟಪಟ್ಟು. ಕನಸು ಬೀಳುತ್ತದಂತೆ, ಎಂಥದು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹೆಂಡತಿ ತೀರಿಕೊಂಡು ಏಳು ವರ್ಷವಾಯಿತು. ಅವರನ್ನು ತೋಟದಲ್ಲೇ ಮಣ್ಣು ಮಾಡಿದ್ದಾರೆ.

ಬಣ್ಣ ಹಸಿರಾಗಿರಬೇಕು, ಪರಿಮಳ ಇರಬೇಕು. ಇಷ್ಟನ್ನು ಮರೆಯಬೇಡಿ.

ಇನ್ನೊಂದು ಮಾತು ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅಜ್ಜಂಪುರ ಇಲ್ಲಿಂದ ಎರಡು ಬಸ್ಸಿನ ದಾರಿ. ಎಂಟು ವರ್ಷದಲ್ಲಿ ಅವ್ವನನ್ನು ಒಮ್ಮೆ ತರೀಕೆರೆಯ ಒಂದು ಮದುವೆಯಲ್ಲಿ ದೂರದಿಂದ ನೋಡಿದ್ದು ಬಿಟ್ಟರೆ ಇಲ್ಲ. ಈ ಔಷಧ ಒಂದು ಸರಿಹೋದರೆ ಬಾಗಿಲವರೆಗಾದರೂ ಬರಲು ಬಿಡುತ್ತೀರೇನೋ ಎಂಬ ಆಸೆ ಇದೆ.

ಷಡಕ್ಷರಿ


ಅಜ್ಜಂಪುರ
೨೦-೯-೧೯೭೬

ಷಡಕ್ಷರಿಗೆ,

ಸಿದ್ದಪ್ಪನ ಕೈಯಲ್ಲಿ ಬಾಟಲಿ ಕಳಿಸಿದ್ದೇನೆ. ಹುಲ್ಲು ಸುತ್ತಿ ಗೋಣಿಯಲ್ಲಿ ಹೊಲಿದಿದೆ. ಇದಕ್ಕೆ ಹದಿನೆಂಟು ದಿನ ಹಿಡಿಯಿತು. ಹೆಬ್ಬೆ ಕಡೆಯ ಕಾಡಿನಿಂದ ಕರಿಯಪ್ಪ ಎರಡು ಸಲ ಬೇರು ತಂದುಕೊಟ್ಟ. ಮೊದಲ ಸಲ ತಂದದ್ದು ಬಿಸಿಲು ಕಂಡ ಬೇರು, ಎಸೆದೆ. ಮಿಕ್ಕ ಸಾಮಾನಿಗೆ ನಾನೇ ಕಡೂರಿನ ಗ್ರಂಥಿಗೆ ಅಂಗಡಿಗೆ ಹೋಗಿ ಬಂದೆ. ದವನ, ಮರುಗ, ಪುದೀನ, ಲಾವಂಚ, ಏಲಕ್ಕಿ, ಸೋಂಪು, ನೆಲಬೇವು ಇದೆ. ಕಟ್ಟಿದ ಮಲಕ್ಕೆ ಬೇಕಾದದ್ದೂ ಸೇರಿದೆ. ಇನ್ನೂ ಒಂಬತ್ತು ಸಾಮಾನಿದೆ. ಅದು ನಿನಗೆ ಬೇಕಿಲ್ಲ.

ಊಟಕ್ಕೆ ಅರ್ಧ ಗಂಟೆ ಮುಂಚೆ ಒಂದು ಚಮಚ, ಬಿಸಿನೀರಿನಲ್ಲಿ. ಬದನೆಕಾಯಿ, ಕಡಲೆಹಿಟ್ಟು ಬೇಡ. ಮಾಂಸ ಬಿಟ್ಟರೆ ಒಳ್ಳೆಯದು, ಬಿಡುವುದಿಲ್ಲ ಎಂದು ಗೊತ್ತು. ಮದ್ಯ ಅರ್ಧ ಗುಟುಕೂ ಕೂಡದು.

ಮಾಡಿದವನು ರುಚಿ ನೋಡದೆ ಇನ್ನೊಬ್ಬರ ಬಾಯಿಗೆ ಕೊಡಬಾರದು ಎನ್ನುವುದು ನಮ್ಮಪ್ಪನ ಕಾಲದಿಂದ ಬಂದ ಪದ್ಧತಿ. ನಾನು ಮೂರು ದಿನ ಕುಡಿದು ನೋಡಿ ಕಳಿಸಿದ್ದೇನೆ. ರೋಗಿಯ ಸ್ಥಿತಿ ಹದಿನೈದು ದಿನಕ್ಕೊಮ್ಮೆ ತಿಳಿಸು. ಹೆಂಡತಿ ಇಲ್ಲದ ಮನುಷ್ಯ, ಊಟ ಯಾರು ಬಡಿಸುತ್ತಾರೆ ಎಂದೂ ಬರೆ. ಅರ್ಧ ರೋಗ ಅಲ್ಲೇ ಇರುತ್ತದೆ.

ಬಾಗಿಲಿಗೆ ಬರುವ ಮಾತು ಈಗ ಬೇಡ.

ಜಯದೇವಪ್ಪ ಪಂಡಿತ


ಲಿಂಗದಹಳ್ಳಿ
೧೨-೧೦-೧೯೭೬

ಪೂಜ್ಯ ಅಪ್ಪಾಜಿಯವರಿಗೆ,

ನಾನು ನಿಮಗೆ ಸುಳ್ಳು ಹೇಳಿದ್ದೆ. ಡೊನೊವನ್ ದೊರೆಗೆ ಹೊಟ್ಟೆಯ ತೊಂದರೆ ಯಾವುದೂ ಇಲ್ಲ. ಕಲ್ಲು ತಿಂದರೂ ಅರಗಿಸಿಕೊಳ್ಳುತ್ತಾರೆ. ನಾಲಗೆಯ ಬಿಳಿ, ಮಲಬದ್ಧತೆ, ನಿದ್ರೆ, ಕನಸು ಎಲ್ಲ ನಾನು ಕೂತು ಕಟ್ಟಿದ್ದು. ಉತ್ತರ ಬರೆಯದಿದ್ದರೆ ನೀವು ಔಷಧ ಕೊಡುವುದಿಲ್ಲ, ನಿಜ ಬರೆದರೂ ಕೊಡುವುದಿಲ್ಲ. ಅದಕ್ಕೇ ಹೀಗೆ ಮಾಡಿದೆ.

ದೊರೆಗೆ ಬೇಕಾಗಿರುವುದು ಒಂದು ಪಾನೀಯ. ಐರ್ಲೆಂಡಿನ ವಿಸ್ಕಿ ಎರಡು ಪಾಲು. ವರ್ಮೂತ್ ಎಂಬ ಕೆಂಪು ದ್ರಾಕ್ಷಾರಸ ಒಂದು ಪಾಲು, ಅದಕ್ಕೂ ನಮ್ಮ ಮಾಚಿಪತ್ರೆಯ ಜಾತಿಯ ಸೊಪ್ಪು ಹಾಕಿರುತ್ತಾರೆ. ಹಸಿರು ಮದ್ದು ಅರ್ಧ ಪಾಲು. ಮೂರನ್ನೂ ಐಸಿನ ಮೇಲೆ ಸುರಿದು, ಉದ್ದನೆಯ ಚಮಚದಲ್ಲಿ ಕಲಕಿ, ಸೋಸಿ ಕೊಡಬೇಕು. ಆ ಹಸಿರು ಮದ್ದನ್ನು ಫ್ರಾನ್ಸ್ ದೇಶದಲ್ಲಿ ಬೆಟ್ಟದ ಮೇಲಿನ ಒಂದು ಮಠದ ಸನ್ಯಾಸಿಗಳು ಮಾಡುತ್ತಾರೆ. ನೂರಾ ಮೂವತ್ತು ಸೊಪ್ಪು ಬೇರು ಹಾಕುತ್ತಾರಂತೆ, ಗುಟ್ಟು ಇಬ್ಬರಿಗೆ ಮಾತ್ರ ಗೊತ್ತಂತೆ.

ನವೆಂಬರ್ ಇಪ್ಪತ್ತು ದೊರೆಯ ಮದುವೆಯ ದಿನ. ಪ್ರತಿವರ್ಷ ಆವತ್ತು ಗಂಡ ಹೆಂಡತಿ ಕ್ಲಬ್ಬಿಗೆ ಬಂದು, ಕಿಟಕಿ ಪಕ್ಕದ ಮೇಜಿನಲ್ಲಿ ಇದನ್ನೇ ಒಂದೊಂದು ಲೋಟ ಕುಡಿದು ಹೋಗುತ್ತಿದ್ದರು. ಕೊನೆಯ ಐದು ವರ್ಷ ಬಾರಿನಲ್ಲಿ ನಿಂತು ನಾನೇ ಮಾಡಿಕೊಟ್ಟಿದ್ದೆ. ಆ ಅಮ್ಮ ತೀರಿಕೊಂಡ ಮೇಲೆ ಅವರು ಕೇಳಲಿಲ್ಲ. ಈಗ ಹೊರಡುವ ಮುಂಚೆ ಒಮ್ಮೆ ಆಗಬೇಕಂತೆ. ಅವರ ದೇಶದ ವಿಸ್ಕಿ ಒಂದೇ ಬಾಟಲಿ ಉಳಿದಿದೆ. ಹಸಿರಿನದು ಬರಿದಾದ ಬಾಟಲಿ, ವಾಸನೆ ಮಾತ್ರ ಇದೆ.

ಆ ಒಂದು ಬಾಟಲಿ ಕೆಡಬಾರದೆಂದು ಶನಿವಾರ ಇಲ್ಲಿನ ವಿಸ್ಕಿಯಲ್ಲಿ ಒಮ್ಮೆ ಮಾಡಿ ನೋಡಿದೆ. ಸೆಕ್ರೆಟರಿಯವರು ಮತ್ತು ಇಬ್ಬರು ಮೆಂಬರುಗಳಿಗೆ ಕೊಟ್ಟೆ. ಮೂವರೂ ಚಪ್ಪರಿಸಿ ಎರಡೆರಡು ಲೋಟ ಕುಡಿದರು. ನೀವು ಚಮಚ ಎಂದಿದ್ದಿರಿ, ನಾನು ಔನ್ಸಿನಲ್ಲಿ ಸುರಿದಿದ್ದೆ. ಕಟ್ಟಿದ ಮಲಕ್ಕೆ ಬೇಕಾದದ್ದು ಸೇರಿದೆ ಎಂಬ ನಿಮ್ಮ ಸಾಲನ್ನು ಓದಿಯೂ ಮನಸ್ಸಿಗೆ ತಂದುಕೊಂಡಿರಲಿಲ್ಲ. ಕಟ್ಟೇ ಇರದವರಿಗೆ ಅದು ಬಿದ್ದರೆ ಏನಾಗುತ್ತದೋ ಅದೇ ಆಯಿತು. ಭಾನುವಾರದ ಟೆನಿಸ್ ನಿಂತಿತು. ನಾನು ಬೆಳಗಿನಿಂದ ಸಂಜೆವರೆಗೆ ಮೂರು ಬಂಗಲೆಗೂ ಸೈಕಲ್ ತುಳಿದು ಮಜ್ಜಿಗೆ, ಗಂಜಿ ಮುಟ್ಟಿಸಿದೆ. ಈಗ ಮೂವರೂ ಹುಷಾರಾಗಿದ್ದಾರೆ. ಸೆಕ್ರೆಟರಿಯವರು ಕೆಲಸದಿಂದ ತೆಗೆಯಲಿಲ್ಲ. ನಿಮ್ಮಪ್ಪನ ಔಷಧಕ್ಕೆ ಹೆಸರಿಡುವ ಹಾಗಿಲ್ಲ ಎಂದರು.

ಇದೆಲ್ಲ ನೀವು ಮಾಡಿದ್ದಲ್ಲ, ನನ್ನ ಸುಳ್ಳಿನಿಂದ ಆದದ್ದು. ಇನ್ನು ಬಾಗಿಲಿನ ಮಾತು ಎತ್ತುವುದಿಲ್ಲ.

ಷಡಕ್ಷರಿ


ಅಜ್ಜಂಪುರ
೧೯-೧೦-೧೯೭೬

ಮಗಾ ಷಡಕ್ಷರಿ, ನಿನ್ನ ಅವ್ವ ತೀರ್ಥಮ್ಮ ಹೇಳ್ತಿರೋದು ಕಣಪ್ಪ. ಬರೀತಿರೋಳು ಪಕ್ಕದ ಮನೆ ಟೀಚರ್ ಮಲ್ಲಿಕಾಂಬ. ನಿಮ್ಮಪ್ಪ ಕಡೂರಿಗೆ ಹೋಗವ್ರೆ, ಅದ್ಕೇ ಈಗ ಬರೆಸ್ತಿದೀನಿ.

ನಿನ್ನ ಕಾಗ್ದ ಬಂದಾಗಿಂದ ಮನೇಲಿ ಮಾತಿಲ್ಲ. ಔಷಧಿ ಕಪಾಟಿಗೆ ಬೀಗ ಹಾಕ್ಬಿಟ್ರು. ಬಂದ ರೋಗಿಗಳ್ನ ‘ನಾಳೆ ಬನ್ರಪ್ಪ’ ಅಂತ ಕಳಿಸ್ತಾರೆ. ಹಿಂಗೆ ಮಾಡಿದ್ದು ನಾನು ಕಂಡಿಲ್ಲ. ಕಾಗ್ದ ಮಾತ್ರ ಜೇಬಲ್ಲೇ ಇಟ್ಕಂಡಿದಾರೆ. ದಿನಕ್ಕೆರಡು ಸಲ ತೆಗ್ದು ಓದ್ತಾರೆ. ನಿನ್ನೆ ಊಟಕ್ಕೆ ಕೂತಾಗ ಇದ್ದಕ್ಕಿದ್ದಂಗೆ, ‘ಭಾನುವಾರ ಪೂರ್ತಿ ಸೈಕಲ್ ತುಳಿದ್ನಂತಲ್ಲೇ’ ಅಂದ್ರು. ನಾನು, ‘ತುಳಿದ್ರೆ ಏನಾಯ್ತು, ಗಟ್ಟಿ ಆಳು’ ಅಂದೆ. ‘ನಿಂಗೆ ಗೊತ್ತಾಗಲ್ಲ ಸುಮ್ನಿರು’ ಅಂದು ಎದ್ಬಿಟ್ರು.

ನೀನು ಸುಳ್ಳು ಹೇಳಬಾರದಿತ್ತು ಕಣೋ. ಅವ್ರು ಆ ದೊರೆಗೋಸ್ಕರ ಹದಿನೆಂಟು ದಿನ ಒಲೆ ಮುಂದೆ ಕೂತಿದ್ರು. ‘ಪಾಪ, ಒಂಟಿ ಮನುಷ್ಯ’ ಅಂತಿದ್ರು. ಕಣ್ಣು ಬೇರೆ ಮೊದಲಿನಂಗಿಲ್ಲ.

ನನಗೆ ನಿನ್ನ ನೋಡ್ಬೇಕು ಅನ್ನಿಸ್ತದೆ. ಇದನ್ನ ಬರೀಬೇಡ ಅಂದೆ, ಟೀಚರು ಬರೆದೇ ಬರೀತೀನಿ ಅಂತ ಬರೆದ್ಲು.

ನಿನ್ನ ಅವ್ವ


ಅಜ್ಜಂಪುರ
೨೬-೧೦-೧೯೭೬

ಷಡಕ್ಷರಿಗೆ,

ಇಷ್ಟು ದಿನ ಬರೆಯದಿದ್ದದ್ದು ಕೋಪಕ್ಕೆ. ಕೋಪ ಇಳಿದಿಲ್ಲ, ಆದರೆ ಒಂದು ಪ್ರಶ್ನೆ ಕೇಳಲೇಬೇಕಾಗಿದೆ. ಮೊದಲು ಬೈಗುಳ ಮುಗಿಸುತ್ತೇನೆ.

ಇಲ್ಲದ ರೋಗಕ್ಕೆ ನನ್ನ ಕೈಯಿಂದ ಔಷಧ ಮಾಡಿಸಿದೆ. ವೈದ್ಯನಿಗೆ ಸುಳ್ಳು ಹೇಳುವವನು ತನಗೆ ಮಾತ್ರ ಕೇಡು ಮಾಡಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ನೀನು ಮೂವರ ಪ್ರಾಣಕ್ಕೆ ಕುತ್ತು ತಂದಿದ್ದೆ. ಅವರಲ್ಲಿ ಒಬ್ಬರಿಗೆ ಹೃದಯದ ತೊಂದರೆ ಇದ್ದಿದ್ದರೆ ಇವತ್ತು ನಾನು ಯಾರ ಮನೆ ಬಾಗಿಲಲ್ಲಿ ನಿಲ್ಲಬೇಕಾಗಿತ್ತು? ಐವತ್ತು ವರ್ಷದಲ್ಲಿ ನನ್ನ ಔಷಧದಿಂದ ಯಾರೂ ಹಾಸಿಗೆ ಹಿಡಿದಿರಲಿಲ್ಲ. ಆ ಮೂವರನ್ನೂ ನನ್ನ ಹೆಸರಿನಲ್ಲಿ ಕ್ಷಮೆ ಕೇಳು. ಇನ್ನೂ ಭೇದಿ ನಿಂತಿರದಿದ್ದರೆ ದಾಳಿಂಬೆ ಸಿಪ್ಪೆ ಒಣಗಿಸಿ ಪುಡಿ ಮಾಡಿ ಮಜ್ಜಿಗೆಯಲ್ಲಿ ಕೊಡು.

ಫ್ರಾನ್ಸಿನ ಸನ್ಯಾಸಿಗಳ ವಿಷಯ. ಮಠದಲ್ಲಿ ಹೆಂಡ ಕಾಯಿಸುವುದನ್ನು ನಾನು ಕೇಳಿಲ್ಲ. ಅದು ಅವರ ಪಾಡು. ಗುಟ್ಟು ಇಬ್ಬರಿಗೇ ಗೊತ್ತಿದ್ದರೆ ಅದು ವೈದ್ಯವಲ್ಲ, ಜಿಪುಣತನ.

ಈಗ ಪ್ರಶ್ನೆ. ಕುಡಿದ ಮೂವರೂ ಭಾನುವಾರ ಮೇಲೆ ಏಳಲಿಲ್ಲ ಎಂದು ಬರೆದಿದ್ದೀಯ. ನಾಲ್ಕನೆಯವನಿಗೆ ಏನಾಯಿತು? ಬೆರೆಸಿದವನು ನೀನು. ಬಾರಿನಲ್ಲಿ ಹನ್ನೆರಡು ವರ್ಷ ನಿಂತವನು ಹೊಸದೊಂದು ಬೆರೆಸಿ ಬಾಯಿಗೆ ಹಾಕದೆ ಬಿಡುತ್ತಾನೆಯೇ? ಆ ಔಷಧ ಒಂದು ಔನ್ಸ್ ಹೋಗಿದ್ದರೂ ಸೈಕಲ್ ತುಳಿಯುವುದಿರಲಿ, ಅದರ ಮೇಲೆ ಕೂರಲೂ ನಿನಗೆ ಆಗುತ್ತಿರಲಿಲ್ಲ. ನಿಜ ಬರೆ. ಈ ಸಲ ನಾನು ದೊರೆಯ ನಾಲಗೆಯ ವಿಷಯ ಕೇಳುತ್ತಿಲ್ಲ, ನಿನ್ನದು ಕೇಳುತ್ತಿದ್ದೇನೆ.

ಜಯದೇವಪ್ಪ


ಲಿಂಗದಹಳ್ಳಿ
೩೦-೧೦-೧೯೭೬

ಪೂಜ್ಯ ಅಪ್ಪಾಜಿಯವರಿಗೆ ಶರಣು.

ನಾನು ಕುಡಿಯುವುದಿಲ್ಲ. ಇಲ್ಲಿಗೆ ಬಂದ ದಿನದಿಂದ ಒಂದು ಹನಿಯೂ ಬಾಯಿಗೆ ಹೋಗಿಲ್ಲ. ಕೊರಳಲ್ಲಿ ಲಿಂಗ ಇದೆ, ದಿನಾ ಬೆಳಿಗ್ಗೆ ಪೂಜೆ ಆಗುತ್ತದೆ. ಸ್ಟೋರಿನ ಕೆಲಸಕ್ಕೆಂದು ಬಂದವನನ್ನು ಎರಡು ತಿಂಗಳಿಗೆ ಬಾರಿಗೆ ಹಾಕಿದರು. ಹಳೆಯ ಬಾರ್‌ಮನ್ ಒಬ್ಬರು ಕಲಿಸಿದರು. ಕುಡಿಯದೆ ಈ ಕೆಲಸ ಆಗಲ್ಲ ಎಂದು ಅವರೂ ಹೇಳಿದ್ದರು. ನಾನು ಮೂಗಿನಲ್ಲಿ ಕಲಿತೆ. ನಿಮ್ಮ ಕಲ್ಲಿನ ಮುಂದೆ ಕೂತಾಗ ಕಣ್ಣು ಮುಚ್ಚಿಸಿ ಬೇರು ಗುರುತು ಹಿಡಿಸುತ್ತಿದ್ದಿರಲ್ಲ, ಅದೇ ಇಲ್ಲಿ ಅನ್ನ ಹಾಕಿತು. ಮಿಕ್ಕದ್ದಕ್ಕೆ ಕುಡಿದವರ ಮುಖ ನೋಡುತ್ತೇನೆ. ಮೊದಲ ಗುಟುಕಿಗೆ ಹುಬ್ಬು ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ ಎಲ್ಲ ಗೊತ್ತಾಗುತ್ತದೆ.

ಬಸವ ಜಯಂತಿಯ ದಿನದ ವಿಷಯ ಎಂದೂ ಹೇಳಿಲ್ಲ. ಆವತ್ತು ಬೆಳಿಗ್ಗೆ ರಮ್ಮಿನ ಪೆಟ್ಟಿಗೆ ಇಳಿಸುವಾಗ ಎರಡು ಬಾಟಲಿ ನನ್ನ ಎದೆಯ ಮೇಲೆ ಒಡೆಯಿತು. ಬಸ್ಸು ಹೊರಟು ನಿಂತಿತ್ತು, ತಪ್ಪಿದರೆ ಪಂಕ್ತಿಗೆ ಮುಟ್ಟುತ್ತಿರಲಿಲ್ಲ. ಮುಖ ಕೈ ತೊಳೆದು ಹಾಗೇ ಹತ್ತಿದೆ. ನೀವು ಎಲ್ಲರ ಎದುರಿಗೆ ‘ಏಳೋ ಮೇಲೆ’ ಅಂದಿರಿ. ಹೇಳಬಹುದಾಗಿತ್ತು. ಆದರೆ ಹೆತ್ತವರು ಕೇಳದೆಯೇ ನಂಬಿದ ಮೇಲೆ ನಾನೇಕೆ ಬಾಯಿ ಬಿಡಲಿ ಎನ್ನಿಸಿತು. ಆಗ ಇಪ್ಪತ್ತಾರು ವರ್ಷ. ಆ ಹಟವನ್ನೇ ಇಷ್ಟು ವರ್ಷ ಸಾಕಿದೆ. ಇದರಲ್ಲಿ ನನ್ನದೂ ತಪ್ಪಿದೆ.

ಮೂವರನ್ನೂ ಕ್ಷಮೆ ಕೇಳಿದೆ. ದಾಳಿಂಬೆ ಸಿಪ್ಪೆ ಬೇಕಾಗಲಿಲ್ಲ.

ಷಡಕ್ಷರಿ


ಅಜ್ಜಂಪುರ
೫-೧೧-೧೯೭೬

ಚಿರಂಜೀವಿ ಷಡಕ್ಷರಿಗೆ ಆಶೀರ್ವಾದ.

ಕಾಗದ ಓದಿದೆ. ಹೆಚ್ಚು ಬರೆಯಲು ಆಗುತ್ತಿಲ್ಲ. ಮುಟ್ಟದವನು ಅಂದ ಮೇಲೆ ಬಾಗಿಲು ತೆಗೆದೇ ಇದೆ. ಕಾರ್ತಿಕ ಕಳೆದ ಮೇಲೆ ಬಾ.

ಆ ದೊರೆಯ ವಿಷಯಕ್ಕೆ ಬರುತ್ತೇನೆ. ತನ್ನ ದೇಶಕ್ಕೇ ಹೋಗುತ್ತಾನಲ್ಲ, ಅಲ್ಲಿ ಆ ಬಾಟಲಿ ಸಿಗುವುದಿಲ್ಲವೇ ಎಂದು ಮೊದಲು ಅನ್ನಿಸಿತು. ಆಮೇಲೆ ಅರ್ಥವಾಯಿತು. ಹೆಂಡತಿ ಇರುವುದು ಇಲ್ಲಿ. ಇದನ್ನು ಮೊದಲ ಕಾಗದದಲ್ಲೇ ಬರೆದಿದ್ದರೆ ನಾನು ಬೈದು, ಒಂದು ವಾರ ಬಿಟ್ಟು ಒಪ್ಪುತ್ತಿದ್ದೆ. ಅಪ್ಪನ ಲೆಕ್ಕ ನಿನಗೆ ಅಷ್ಟು ತಿಳಿಯಲಿಲ್ಲ.

ಸಾರಾಯಿ ನನ್ನ ಕೈಯಿಂದ ಮುಟ್ಟುವುದಿಲ್ಲ. ಸಿದ್ದಪ್ಪನ ಕೈಯಲ್ಲಿ ಎರಡು ಗಂಟು ಕಳಿಸಿದ್ದೇನೆ. ದೊಡ್ಡದು ಒಣಗಿಸಿದ ಬೇರು, ಬೀಜ, ದವನ. ಇದನ್ನು ಬಣ್ಣವಿಲ್ಲದ ಯಾವುದಾದರೂ ಮದ್ಯದಲ್ಲಿ ಒಂಬತ್ತು ದಿನ ನೆನೆಹಾಕು. ಚಿಕ್ಕದರಲ್ಲಿ ನೆರಳಲ್ಲಿ ಬಾಡಿಸಿದ ಮರುಗ, ಪುದೀನ. ಅದನ್ನು ಕೊನೆಯ ಒಂದು ದಿನ ಮಾತ್ರ ಹಾಕು. ಹಸಿರು ಬರುವುದು ಅದರಿಂದ, ಹೆಚ್ಚು ಹೊತ್ತು ಬಿಟ್ಟರೆ ಕಂದಾಗುತ್ತದೆ. ಜೇನು ಬೇರೆ ಶೀಶೆಯಲ್ಲಿದೆ, ಸೋಸಿದ ಮೇಲೆ ಸೇರಿಸು. ಎಷ್ಟು ಎಂದು ನಾನು ಹೇಳಲಾರೆ. ನೆಲಬೇವಿನ ಕಹಿ ಮದ್ಯದಲ್ಲಿ ಎಷ್ಟು ಬಿಡುತ್ತದೆ ಎಂದು ನನಗೆ ಗೊತ್ತಿಲ್ಲ. ಕಟ್ಟಿದ ಮಲಕ್ಕೆ ಏನೂ ಹಾಕಿಲ್ಲ, ಹೆದರಬೇಡ.

ನಿನ್ನ ಅವ್ವ ಆಗಲೇ ಅಕ್ಕಿ ಆರಿಸಲು ಕೂತಿದ್ದಾಳೆ. ಇನ್ನೂ ಹದಿನೈದು ದಿನ ಇದೆ ಎಂದರೆ ಕೇಳುತ್ತಿಲ್ಲ.

ನಿನ್ನ ತಂದೆ
ಜಯದೇವಪ್ಪ


ಲಿಂಗದಹಳ್ಳಿ
೨೧-೧೧-೧೯೭೬

ಅಪ್ಪಾಜಿಗೆ ಶರಣು.

ನಿನ್ನೆ ಆಯಿತು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ನೀವು ಹೇಳಿದಂತೆ ನೆನೆಹಾಕಿ ಸೋಸಿದೆ. ಎಳೆಯ ಬಾಳೆ ಸುಳಿಯ ಬಣ್ಣ ಬಂತು. ಹಳೆಯ ಬಾಟಲಿಯ ಮುಚ್ಚಳ ತೆಗೆದು ಇದರ ಪಕ್ಕದಲ್ಲಿಟ್ಟು ಮೂಸಿದೆ. ಅಣ್ಣ ತಮ್ಮಂದಿರ ಹಾಗಿತ್ತು. ಆದರೆ ಮೂಗಿಗೆ ಕಹಿಯ ಅಳತೆ ಗೊತ್ತಾಗುವುದಿಲ್ಲ. ಯಾರಾದರೂ ಒಬ್ಬರು ಕುಡಿದು ಹೇಳಬೇಕಾಗಿತ್ತು. ನಮ್ಮ ಬಾಟಲಿ ಹಿಡಿದು ಹತ್ತಿರ ಹೋದರೆ ಕ್ಲಬ್ಬಿನಲ್ಲಿ ಈಗ ಎಲ್ಲರೂ ಕುರ್ಚಿ ಹಿಂದಕ್ಕೆ ಎಳೆಯುತ್ತಾರೆ. ಸೆಕ್ರೆಟರಿಯವರು ಕೈಮುಗಿದೇಬಿಟ್ಟರು. ಅಡುಗೆಯವನು ರಜೆ ಹಾಕಿದ.

ದೊರೆಗೇ ಕೊಟ್ಟು ನೋಡಬಹುದಾಗಿತ್ತು. ಏಳು ವರ್ಷ ಕಾದವರ ಮೊದಲ ಗುಟುಕನ್ನು ಪರೀಕ್ಷೆಗೆ ಹಾಕಲು ಮನಸ್ಸು ಬರಲಿಲ್ಲ. ಅದಕ್ಕೇ ನಾನೇ ರುಚಿ ನೋಡಿದೆ. ಎರಡು ಚಮಚ. ಮೊದಲನೆಯದು ಗಂಟಲು ಹಿಡಿಯುವಷ್ಟು ಕಹಿ ಇತ್ತು. ಜೇನು ಹಾಕಿ, ವಿಸ್ಕಿ ವರ್ಮೂತ್ ಜೊತೆ ಸ್ವಲ್ಪ ಕಲಕಿ, ಮತ್ತೆ ನೋಡಿದೆ. ಸರಿಯಾಗಿತ್ತು. ಲಿಂಗವನ್ನು ತೆಗೆದಿಡಲಿಲ್ಲ. ತೆಗೆದಿಟ್ಟು ಕುಡಿದರೆ ಕದ್ದು ಕುಡಿದಂತೆ ಆಗುತ್ತಿತ್ತು.

ಸಂಜೆ ಆರಕ್ಕೆ ದೊರೆ ಕೋಟು ಹಾಕಿಕೊಂಡು ಬಂದರು. ಎರಡು ಲೋಟ ಎಂದರು. ಸೀಮೆಎಣ್ಣೆ ಫ್ರಿಜ್ಜಿನ ಐಸಿನಲ್ಲಿ ದೊಡ್ಡ ತುಂಡುಗಳನ್ನೇ ಆರಿಸಿದೆ, ಚಿಕ್ಕವು ಬೇಗ ನೀರಾಗುತ್ತವೆ. ಮೂರನ್ನೂ ಅಳೆದು ಸುರಿದೆ. ಇದನ್ನು ಕುಲುಕಬಾರದು, ಕುಲುಕಿದರೆ ಮಂಕಾಗುತ್ತದೆ. ಚಮಚದ ಬೆನ್ನು ಗಾಜಿಗೆ ಒತ್ತಿಕೊಂಡೇ ತಿರುಗಬೇಕು, ಐಸು ಒಂದಕ್ಕೊಂದು ತಾಕಿ ಸದ್ದಾಗಬಾರದು. ನಲವತ್ತು ಸುತ್ತು ಹಾಕಿದೆ. ಗಾಜಿನ ಹೊರಗೆ ಬೆವರು ಬಂತು. ಸೋಸಿ, ತೋಟದ ಕಿತ್ತಳೆಯ ಸಿಪ್ಪೆ ಹಿಂಡಿ, ಮೇಜಿಗೆ ತೆಗೆದುಕೊಂಡು ಹೋದೆ.

ಒಂದನ್ನು ತಮ್ಮ ಮುಂದೆ ಇಡಿಸಿಕೊಂಡರು, ಇನ್ನೊಂದನ್ನು ಎದುರಿನ ಕುರ್ಚಿಯ ಮುಂದೆ. ತಮ್ಮದನ್ನು ನಿಧಾನವಾಗಿ ಮುಗಿಸಿದರು. ನಾನು ಹುಬ್ಬು ನೋಡುತ್ತಿದ್ದೆ, ಅದು ಅಲುಗಲಿಲ್ಲ. ಆಮೇಲೆ ಎದ್ದು, ಮೇಜು ಸುತ್ತಿ ಬಂದು, ಎದುರಿನ ಕುರ್ಚಿಯಲ್ಲಿ ಕೂತು ಅದನ್ನೂ ಕುಡಿದರು. ಹೊರಡುವಾಗ, ಇದು ಹಳೆಯದರ ಹಾಗಿಲ್ಲ, ಇದೇ ಚೆನ್ನಾಗಿದೆ ಎಂದರು. ಅಜ್ಜಂಪುರದ ವೈದ್ಯರಿಗೆ ನನ್ನ ನಮಸ್ಕಾರ ತಿಳಿಸು ಎಂದರು. ತಿಳಿಸಿದ್ದೇನೆ.

ನೀವು ಬಾಗಿಲು ತೆಗೆದದ್ದು ಮುಟ್ಟದವನಿಗೆ. ಈಗ ನಾನು ಅವನಲ್ಲ. ಹೇಳದೆ ಬಂದು ಅವ್ವನ ಅಡುಗೆ ಉಣ್ಣಬಹುದಾಗಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ನಿಮಗೆ ಎರಡನೆಯ ಸುಳ್ಳು ಹೇಳಲಾರೆ. ಬರಬೇಡ ಎಂದರೆ ಬರುವುದಿಲ್ಲ. ಅವ್ವನಿಗೆ ಮಾತ್ರ ನೀವೇ ಸಮಾಧಾನ ಹೇಳಬೇಕು.

ಷಡಕ್ಷರಿ


ಅಜ್ಜಂಪುರ
೨೯-೧೧-೧೯೭೬

ಚಿರಂಜೀವಿ ಷಡಕ್ಷರಿಗೆ,

ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ‘ಎಷ್ಟು ಕುಡಿದ್ನಂತೆ?’ ಅಂದಳು. ಎರಡು ಚಮಚ ಅಂದೆ. ‘ಎರಡು ಚಮಚಕ್ಕೆ ಎರಡು ಹಾಳೆ ಬರ್ದಿದಾನಲ್ರೀ, ಇವ್ನೇನು ಕುಡುಕನಾ?’ ಅಂದಳು.

ಕುಡಿಯುವವನಿಗೆ ಹೊಸಿಲಿಲ್ಲ ಎಂಬ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ನಿನಗೆ ಸೇರಿದ್ದಲ್ಲ. ಕೊಡುವ ಮುಂಚೆ ನಿನ್ನ ಬಾಯಿಗೆ ಹಾಕಿಕೊಂಡೆ. ನಮ್ಮಪ್ಪ ಇದ್ದಿದ್ದರೂ ಅದನ್ನೇ ಮಾಡು ಅನ್ನುತ್ತಿದ್ದರು.

ತಪ್ಪಿನ ವಿಷಯ ಬರೆಯಬೇಕು. ನಿನ್ನದೂ ಇದೆ ಎಂದು ಬರೆದಿದ್ದೀಯ. ಇಲ್ಲ, ನನ್ನದೇ. ದಾರಿಹೋಕನೊಬ್ಬ ಕೆಮ್ಮು ಅಂತ ಬಂದರೂ ಇಪ್ಪತ್ತು ಪ್ರಶ್ನೆ ಕೇಳುತ್ತೇನೆ. ನನ್ನ ಮಗನನ್ನು ಒಂದೂ ಕೇಳಲಿಲ್ಲ. ಅಂಗಿಯ ವಾಸನೆ ಹಿಡಿದು ತೀರ್ಮಾನ ಮಾಡಿದೆ. ಬೇರೆ ಯಾವ ವೈದ್ಯನಾದರೂ ಹಾಗೆ ಮಾಡಿದ್ದರೆ ಅವನ ಹತ್ತಿರ ಹೋಗಬೇಡಿ ಅನ್ನುತ್ತಿದ್ದೆ. ಎಂಟು ವರ್ಷ ಹೋಯಿತು, ಅದನ್ನು ತಂದುಕೊಡುವ ಬೇರು ಯಾವ ಕಾಡಿನಲ್ಲೂ ಇಲ್ಲ. ಎಲ್ಲರ ಮುಂದೆ ಎಬ್ಬಿಸಿದ್ದನ್ನು ಎಲ್ಲರ ಮುಂದೆಯೇ ಸರಿಮಾಡಬೇಕೆಂದು ಇವತ್ತು ಸೋಮವಾರದ ಪ್ರಸಾದದ ಹೊತ್ತಿನಲ್ಲಿ ಮಠದಲ್ಲಿ ಎದ್ದು ನಿಂತು ಹೇಳಿ ಬಂದೆ. ನನ್ನ ಮಗ ತಪ್ಪು ಮಾಡಿರಲಿಲ್ಲ, ನಾನು ಮಾಡಿದ್ದೆ ಎಂದೆ. ಸ್ವಾಮಿಗಳು, ಯಾವತ್ತು ಬರುತ್ತಾನೆ ಎಂದು ಮಾತ್ರ ಕೇಳಿದರು. ಗುರುವಾರ ಎಂದು ಹೇಳಿದ್ದೇನೆ.

ಬೆಳಗಿನ ಮೊದಲ ಬಸ್ಸಿಗೆ ಹೊರಟು ತರೀಕೆರೆಯಲ್ಲಿ ಬಸ್ಸು ಬದಲಾಯಿಸಿದರೆ ಹತ್ತರೊಳಗೆ ಇಲ್ಲಿರುತ್ತೀಯ. ನಾನು ಬಸ್ ಸ್ಟ್ಯಾಂಡಿನಲ್ಲಿ ಬೇವಿನ ಮರದ ಕೆಳಗೆ ನಿಂತಿರುತ್ತೇನೆ. ಕಣ್ಣಿಗೆ ಪೊರೆ ಬಂದು ವರ್ಷವಾಯಿತು, ಅದಕ್ಕೆ ನನ್ನ ಹತ್ತಿರ ಔಷಧ ಇಲ್ಲ. ನಾಲ್ಕು ಮಾರು ದೂರದಲ್ಲಿ ಯಾರ ಮುಖವೂ ತಿಳಿಯುವುದಿಲ್ಲ. ನಾನು ಗುರುತು ಹಿಡಿಯದೆ ನಿಂತರೆ ತಪ್ಪು ತಿಳಿಯಬೇಡ. ನೀನೇ ಹತ್ತಿರ ಬಂದು ಮಾತಾಡಿಸು.

ನಿನ್ನ ತಂದೆ
ಜಯದೇವಪ್ಪ